ಸೀಲಿಯಾ ಯಾರೆಂದು ಹುಡುಕಬೇಡಿ: 1660ರ ಈಚಿನ ಇಂಗ್ಲಿಷ್ ಪ್ರೇಮಗೀತೆಗಳನ್ನು ಓದುವ ಬಗೆ

ನನ್ನ ಹಳೆಯ ಇಂಗ್ಲಿಷ್ ಕವನಸಂಕಲನವೊಂದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಯೊಂದಿದೆ: ‘ಪಾಪ, ಎಂಥ ನಿಷ್ಠೆ!’ ಬರೆದವನು ನಾನೇ, ಬಿ.ಎ. ಎರಡನೆಯ ವರ್ಷದಲ್ಲಿ. ಪಕ್ಕದಲ್ಲಿ ಅಚ್ಚಾಗಿರುವುದು ಸರ್ ಚಾರ್ಲ್ಸ್ ಸೆಡ್ಲಿಯ ಹದಿನಾರು ಸಾಲಿನ ಹಾಡು. ಸೀಲಿಯಾ ಎಂಬವಳಿಗೆ ಒಬ್ಬ ಗಂಡಸು ‘ನಿನ್ನ ಮುಖವೊಂದನ್ನೇ ನೋಡಬಯಸುತ್ತೇನೆ, ನಿನ್ನ ಹೃದಯವೊಂದನ್ನೇ ಬೇಡುತ್ತೇನೆ’ ಎಂದು ಹೇಳುವ ಹಾಡು. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದು ಅಂಕ ಗಿಟ್ಟಿಸಿದ್ದೆ. ಎಷ್ಟೋ ವರ್ಷಗಳ ಮೇಲೆ ಅದೇ ಪುಟ ತೆರೆದಾಗ ಕೊನೆಯ ಎರಡು ಸಾಲು ಕಣ್ಣಿಗೆ ಬಿದ್ದವು. ‘ಬದಲಾಯಿಸಿದರೂ ಇದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲವೆಂದಾದ ಮೇಲೆ ನಿಷ್ಠನಾಗಿರುವುದು ಸುಲಭ’ ಎನ್ನುತ್ತಾನೆ ಮಹಾರಾಯ. ಇದು ನಿಷ್ಠೆಯಲ್ಲ, ಲೆಕ್ಕಾಚಾರ. ಅದನ್ನು ಅವನು ಮುಚ್ಚಿಟ್ಟಿರಲೂ ಇಲ್ಲ. ಮುಚ್ಚಿದ್ದದ್ದು ನನ್ನ ಕಣ್ಣು.

ಇಂಗ್ಲೆಂಡಿನ ರೆಸ್ಟೋರೇಷನ್ ಕಾಲದ ಪ್ರೇಮಗೀತೆಗಳನ್ನು ಹೊಸದಾಗಿ ಓದುವವರು ಇದೇ ಗುಂಡಿಗೆ ಬೀಳುತ್ತಾರೆ. ಭಾಷೆ ಸರಳ, ಸಾಲು ಚಿಕ್ಕದು, ಹೂವು, ನಿಟ್ಟುಸಿರು, ಬಾಣ ಎಲ್ಲ ಇವೆ. ಹಾಗಾಗಿ ಇದು ಪ್ರೇಮನಿವೇದನೆ ಎಂದುಕೊಂಡು ಮುಂದೆ ಹೋಗುತ್ತೇವೆ. ನಾನು ಕಂಡುಕೊಂಡದ್ದು ಬೇರೆ. ಇವುಗಳಲ್ಲಿ ಹೆಚ್ಚಿನವು ನಿವೇದನೆಗಳಲ್ಲ, ವಾದಗಳು. ಹಾಡುವವನು ಒಬ್ಬ ವಕೀಲ. ಅವನ ಕಕ್ಷಿದಾರ ಅವನೇ. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಕೆಳಗಿನ ಕ್ರಮದಲ್ಲಿ ಹೋದರೆ ಒಂದೆರಡು ವಾರಗಳಲ್ಲಿ ಈ ಹಾಡುಗಳು ಬಾಯಿಬಿಡುತ್ತವೆ.

ಮೊದಲ ಹೆಜ್ಜೆ: ಮೂರು ಇಸವಿಗಳು ಸಾಕು

ಚರಿತ್ರೆಯ ದಪ್ಪ ಪುಸ್ತಕ ಬೇಡ. 1642ರಲ್ಲಿ, ಅಂತರ್ಯುದ್ಧ ಶುರುವಾದಾಗ, ಪಾರ್ಲಿಮೆಂಟು ಲಂಡನ್ನಿನ ನಾಟಕಶಾಲೆಗಳನ್ನು ಮುಚ್ಚಿಸಿತು. 1649ರಲ್ಲಿ ರಾಜ ಒಂದನೆಯ ಚಾರ್ಲ್ಸನ ತಲೆ ಕಡಿದರು. 1660ರ ಮೇ 29ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ಅವನ ಮಗ ಎರಡನೆಯ ಚಾರ್ಲ್ಸ್ ದೇಶಭ್ರಷ್ಟತನ ಮುಗಿಸಿ ಲಂಡನ್ನಿಗೆ ಮರಳಿದ. ಆ ಪುನಃಸ್ಥಾಪನೆಯೇ ರೆಸ್ಟೋರೇಷನ್. ಸಾಹಿತ್ಯದಲ್ಲಿ ಈ ಹೆಸರನ್ನು ಸಡಿಲವಾಗಿ, ಕವಿ, ನಾಟಕಕಾರ ಜಾನ್ ಡ್ರೈಡನ್ ತೀರಿಕೊಂಡ 1700ರವರೆಗೂ ಎಳೆಯುವುದುಂಟು.

ಈ ಮೂರು ಇಸವಿಗಳಿಂದ ಹಾಡಿಗೆ ಏನಾಯಿತು ಎಂಬುದು ಮುಖ್ಯ. ನಾಟಕಶಾಲೆಗಳು ಮತ್ತೆ ತೆರೆದವು, ಅದೇ 1660ರ ಕೊನೆಯಿಂದ ಸ್ತ್ರೀಪಾತ್ರಗಳನ್ನು ಹೆಂಗಸರೇ ಮಾಡತೊಡಗಿದರು. ಫ್ರೆಂಚ್ ಆಸ್ಥಾನದ ರುಚಿ ಹತ್ತಿಸಿಕೊಂಡು ಬಂದ ಚಾರ್ಲ್ಸ್, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದ ಮಾದರಿಯಲ್ಲಿ ಇಪ್ಪತ್ತನಾಲ್ಕು ಪಿಟೀಲುಗಾರರ ಮೇಳ ಕಟ್ಟಿದ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ತಲೆಮಾರು ರಾಜನಿಗೆ ನಿಷ್ಠೆಯ ಪ್ರತಿಜ್ಞೆ, ಪಾರ್ಲಿಮೆಂಟಿಗೆ ನಿಷ್ಠೆಯ ಪ್ರತಿಜ್ಞೆ, ಮತ್ತೆ ರಾಜನಿಗೆ ನಿಷ್ಠೆಯ ಪ್ರತಿಜ್ಞೆ ಎಂದು ಆಣೆಯ ಮೇಲೆ ಆಣೆ ಹಾಕಿ ಮುರಿದಿತ್ತು. ಅಂಥವರ ಮಕ್ಕಳು ಪ್ರೇಮಗೀತೆ ಬರೆದಾಗ ‘ಆಣೆ’ ಎಂಬ ಮಾತಿನ ಮೇಲೆ ಅಷ್ಟೊಂದು ಗುಮಾನಿ ಇರುವುದು ಸಹಜ ಎಂದು ನನಗೆ ಅನಿಸುತ್ತದೆ.

ಹಳೆಯ ಆಸ್ಥಾನಪ್ರೇಮದ ಕಾವ್ಯದಲ್ಲಿ ಹೆಣ್ಣು ಒಡತಿ, ಗಂಡು ಸೇವಕ. ಅವಳು ಒಲಿಯುವುದಿಲ್ಲ, ಅವನು ಬಿಡುವುದಿಲ್ಲ. 1660ರ ಈಚಿನ ಕವಿಗಳು ಈ ಉಡುಪನ್ನು ಹಾಗೆಯೇ ಉಳಿಸಿಕೊಂಡರು. ಒಳಗಿನ ನಂಬಿಕೆ ಮಾತ್ರ ಹೋಗಿತ್ತು.

ಎರಡನೆಯ ಹೆಜ್ಜೆ: ಓದುವ ಮೊದಲು ಕೇಳಿ

ಇವು ಹಾಡಲೆಂದು ಬರೆದವು. ಪುಟದ ಮೇಲೆ ತೆಳ್ಳಗೆ ಕಾಣುವ ಸಾಲು ಕಂಠಕ್ಕೆ ಬಂದಾಗ ತುಂಬಿಕೊಳ್ಳುತ್ತದೆ. ಸಂಗೀತ ರಚನಕಾರ ಹೆನ್ರಿ ಪರ್ಸೆಲ್‌ನಿಂದ ಪ್ರಾರಂಭಿಸಿ. ಹುಟ್ಟಿದ್ದು 1659, ಸತ್ತದ್ದು 1695, ಮೂವತ್ತಾರರ ಆಸುಪಾಸು. ನಾಟಕಗಳಿಗಾಗಿ ಅವನು ಮಾಡಿದ ಹಾಡುಗಳಲ್ಲಿ ಬಹುಪಾಲು ಕೊನೆಯ ಐದಾರು ವರ್ಷಗಳವು.

ಮೊದಲು ಕೇಳಬೇಕಾದದ್ದು ‘ಐ ಅಟೆಂಪ್ಟ್ ಫ್ರಮ್ ಲವ್ಸ್ ಸಿಕ್‌ನೆಸ್ ಟು ಫ್ಲೈ’. 1695ರ ‘ದಿ ಇಂಡಿಯನ್ ಕ್ವೀನ್’ ನಾಟಕದ ಹಾಡು, ಎರಡು ನಿಮಿಷದ್ದು. ಪ್ರೇಮವೆಂಬ ಕಾಯಿಲೆಯಿಂದ ಓಡಿಹೋಗಲು ನೋಡುತ್ತೇನೆ, ಆಗುವುದಿಲ್ಲ, ಏಕೆಂದರೆ ನನ್ನ ಜ್ವರವೂ ನಾನೇ ನೋವೂ ನಾನೇ ಎಂಬುದು ಪಲ್ಲವಿ. ‘ಫ್ಲೈ’ ಎಂಬ ಒಂದೇ ಅಕ್ಷರದ ಮೇಲೆ ಸ್ವರಗಳು ಸಾಲಾಗಿ ಓಡುವುದನ್ನು ಗಮನಿಸಿ. ದನಿ ನಿಜವಾಗಿಯೇ ತಪ್ಪಿಸಿಕೊಂಡು ಹೋಗುವ ಹಾಗೆ ಕೇಳುತ್ತದೆ. ಆಮೇಲೆ ಒಂದು ಚರಣ, ಮತ್ತೆ ಪಲ್ಲವಿ. ಇನ್ನೊಂದು ಚರಣ, ಮತ್ತೆ ಅದೇ ಪಲ್ಲವಿ. ಎಷ್ಟು ಓಡಿದರೂ ಹಾಡುವವಳು ಹೊರಟ ಜಾಗಕ್ಕೇ ಬರುತ್ತಾಳೆ. ‘ಆಗುವುದಿಲ್ಲ’ ಎಂದು ಮಾತು ಹೇಳಿದ್ದನ್ನು ಹಾಡಿನ ಕಟ್ಟಡವೇ ರುಜುವಾತು ಮಾಡುತ್ತದೆ. ಇಷ್ಟನ್ನು ಕಿವಿಯಿಂದ ಹಿಡಿದರೆ ಅರ್ಧ ದಾರಿ ಬಂದಂತೆ.

ಎರಡನೆಯದು ಒಂದು ಪ್ರಯೋಗ. ‘ಇಫ್ ಮ್ಯೂಸಿಕ್ ಬಿ ದ ಫುಡ್ ಆಫ್ ಲವ್’ ಎಂಬ ಹಾಡಿಗೆ ಪರ್ಸೆಲ್ ಮೂರು ಸಲ ಸಂಗೀತ ಕೂಡಿಸಿದ. ಮೊದಲ ಸಾಲು ಷೇಕ್ಸ್‌ಪಿಯರನದು, ಉಳಿದದ್ದೆಲ್ಲ ಹೆನ್ರಿ ಹೆವೆನಿಂಗ್‌ಹ್ಯಾಮ್ ಎಂಬಾತನದು. 1692ರ ಮೊದಲ ರೂಪವನ್ನು ಕೇಳಿ, ಮನೆಯಲ್ಲಿ ಯಾರಾದರೂ ಗುನುಗಬಹುದಾದ ಮಟ್ಟು ಅದು. ಕೂಡಲೇ ಮೂರನೆಯ ರೂಪ ಕೇಳಿ. ಮಾತು ಅದೇ, ಆದರೆ ಒಂದೊಂದು ಪದವನ್ನೂ ಬಿಡಿಸಿ, ಎಳೆದು, ತಿರುಗಿಸಿ ಹಾಡಬೇಕು. ಕಸುಬಿನ ಗಾಯಕರಿಗೇ ಅದು ಸವಾಲು. ಕೊನೆಯ ಮಾತು ಎರಡರಲ್ಲೂ ಒಂದೇ: ನಿನ್ನ ಮೋಹಕತೆಯಿಂದ ನಾನು ಸಾಯುವುದು ಖಂಡಿತ, ನಿನ್ನ ತೋಳಿನಲ್ಲಿ ನೀನೇ ಉಳಿಸಿಕೊಳ್ಳದಿದ್ದರೆ. ಸಂಗೀತವನ್ನು ಹೊಗಳುತ್ತ ಹೊರಟ ಹಾಡು ಎಲ್ಲಿಗೆ ಬಂದು ಮುಟ್ಟಿತು ನೋಡಿ. ವಕೀಲನ ಜಾಣತನ ಇದೇ.

ಕೇಳುವಾಗ ಎರಡು ಸಂಗತಿಗಳು ಗೊಂದಲ ಹುಟ್ಟಿಸಬಹುದು. ಒಂದು, ಒಂದೇ ಹಾಡಿನ ಎರಡು ಧ್ವನಿಮುದ್ರಣಗಳು ಬೇರೆ ಬೇರೆಯಾಗಿ ಕೇಳುತ್ತವೆ. ಆ ಕಾಲದ ಮುದ್ರಿತ ಪುಟದಲ್ಲಿ ಇರುತ್ತಿದ್ದದ್ದು ಹಾಡುವವರ ಸಾಲು ಒಂದು, ಕೆಳಗೆ ಮಂದ್ರದ ಸಾಲು ಒಂದು, ಅದರ ಜೊತೆಗೆ ಕೆಲವು ಅಂಕಿಗಳು. ನಡುವಿನ ಸ್ವರಗಳನ್ನು ತುಂಬುವ ಹೊಣೆ ನುಡಿಸುವವರದು. ಒಬ್ಬರು ಥಿಯಾರ್ಬೊ ಎಂಬ ಉದ್ದ ಕತ್ತಿನ ತಂತಿವಾದ್ಯ ನುಡಿಸಿದರೆ ಇನ್ನೊಬ್ಬರು ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ವಾದ್ಯ ನುಡಿಸುತ್ತಾರೆ. ಎರಡನೆಯದು ಗಂಡಸರ ಎತ್ತರದ ಕಂಠ, ಕೌಂಟರ್‌ಟೆನರ್. ಇಪ್ಪತ್ತನೆಯ ಶತಮಾನದಲ್ಲಿ ಆಲ್ಫ್ರೆಡ್ ಡೆಲ್ಲರ್ ಈ ಕಂಠಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಮೂರನೆಯ ಸಲಕ್ಕೆ ನಗು ಹೋಯಿತು. ಅದು ಒಗ್ಗದವರು ಗಾಯಕಿ ಎಮ್ಮಾ ಕರ್ಕ್‌ಬಿಯ ಧ್ವನಿಮುದ್ರಣಗಳಿಂದ ಹೊರಡಬಹುದು.

‘ಗ್ರೌಂಡ್ ಬಾಸ್’ ಎಂಬ ಮಾತನ್ನೂ ಇಲ್ಲೇ ತಿಳಿದುಕೊಳ್ಳಿ. ಮಂದ್ರದಲ್ಲಿ ಒಂದು ಚಿಕ್ಕ ಸ್ವರಸಾಲು ಮತ್ತೆ ಮತ್ತೆ ಬರುತ್ತಿರುತ್ತದೆ, ಮೇಲೆ ಹಾಡು ತನ್ನ ಪಾಡಿಗೆ ಸಾಗುತ್ತದೆ. ತಂಬೂರಿಯ ಶ್ರುತಿಗೆ ಇದನ್ನು ಹೋಲಿಸಬೇಡಿ. ತಬಲಾ ಸೋಲೊ ನಡೆಯುವಾಗ ಹಾರ್ಮೋನಿಯಂನಲ್ಲಿ ಸುತ್ತುವ ಲೆಹರಾ ಕೇಳಿದ್ದೀರಲ್ಲ, ಅದು ಹೆಚ್ಚು ಹತ್ತಿರದ್ದು. ಪರ್ಸೆಲ್‌ನ ‘ಮ್ಯೂಸಿಕ್ ಫಾರ್ ಎ ವೈಲ್’ ಪ್ರೇಮಗೀತೆಯಲ್ಲ, ಆದರೂ ಈ ತಂತ್ರ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರನೆಯ ಹೆಜ್ಜೆ: ಹೆಸರುಗಳನ್ನು ಪತ್ತೆದಾರನಂತೆ ಬೆನ್ನಟ್ಟಬೇಡಿ

ಸೀಲಿಯಾ, ಫಿಲಿಸ್, ಕ್ಲೋರಿಸ್, ಡೊರಿಂಡಾ, ಅಮಿಂಟಾ. ಗಂಡಸರಾದರೆ ಸ್ಟ್ರೆಫನ್, ಡೇಮನ್, ಥಿರ್ಸಿಸ್. ಹಲವು ಹೆಸರುಗಳು ಪ್ರಾಚೀನ ಗ್ರೀಕ್ ಕವಿ ಥಿಯೋಕ್ರಿಟಸ್ ಮತ್ತು ಲ್ಯಾಟಿನ್ ಕವಿ ವರ್ಜಿಲರ ಕುರಿಗಾಹಿ ಕಾವ್ಯಗಳಿಂದ ಬಂದ ಮುಖವಾಡಗಳು. ಹುಲ್ಲುಗಾವಲನ್ನು ಕುದುರೆಗಾಡಿಯ ಕಿಟಕಿಯಿಂದಷ್ಟೇ ಕಂಡ ಆಸ್ಥಾನಿಕರು ಕುರಿ ಕಾಯುವವರ ಹೆಸರಿಟ್ಟುಕೊಂಡು ಹಾಡುತ್ತಿದ್ದರು. ಒಂದು ಹಾಡಿನ ಫಿಲಿಸ್ ಇನ್ನೊಂದು ಹಾಡಿನ ಫಿಲಿಸ್ ಅಲ್ಲ. ಯಾವುದೋ ಹೆಸರಿನ ಹಿಂದೆ ಯಾರೋ ನಿಜವಾದವಳು ಇದ್ದಿರಬಹುದು, ಆದರೆ ಅದು ಗೊತ್ತಾದರೂ ಹಾಡು ಒಂದಿಷ್ಟೂ ಹೆಚ್ಚು ಅರ್ಥವಾಗುವುದಿಲ್ಲ. ಮುಂದಕ್ಕೆ ಹೋಗೋಣ.

ನಾಲ್ಕನೆಯ ಹೆಜ್ಜೆ: ಪರಿಚಿತ ಪದಗಳ ಮೇಲೆ ಕಣ್ಣಿಡಿ

ಕಷ್ಟದ ಪದಕ್ಕೆ ನಿಘಂಟು ಇದೆ. ಮೋಸ ಮಾಡುವುದು ಸುಲಭದ ಪದ. ನಾನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ.

‘ಕೈಂಡ್’ ಎಂದರೆ ದಯಾಳು ಎಂದುಕೊಂಡರೆ ಕೆಟ್ಟಿರಿ. ಈ ಹಾಡುಗಳಲ್ಲಿ ಅವಳು ‘ಕೈಂಡ್’ ಆದಳು ಎಂದರೆ ಒಲಿದಳು, ಹಾಸಿಗೆಯವರೆಗೂ ಒಲಿದಳು. ‘ಮೇಕ್ ಲವ್’ ಎಂದರೆ ಇಂದಿನ ಅರ್ಥವಲ್ಲ, ಒಲಿಸಿಕೊಳ್ಳಲು ಹಿಂದೆ ಬೀಳುವುದು, ಅಷ್ಟೇ. ಇವೆರಡು ಪದಗಳನ್ನು ಅದಲುಬದಲು ಮಾಡಿಕೊಂಡ ಓದುಗ ಇಡೀ ಹಾಡನ್ನು ತಲೆಕೆಳಗು ಮಾಡುತ್ತಾನೆ. ‘ಮಿಸ್ಟ್ರೆಸ್’ ಎಂದರೆ ಬಹುಮಟ್ಟಿಗೆ ಪ್ರೇಯಸಿ, ಇಟ್ಟುಕೊಂಡವಳೆಂದೇ ಆಗಬೇಕಿಲ್ಲ. ‘ಸರ್ವೆಂಟ್’ ಎಂದರೆ ಅವಳ ಹಿಂದೆ ಸುತ್ತುವವನು. ‘ಫಾಂಡ್’ ಎಂದರೆ ಪೆದ್ದು, ಮರುಳು. ‘ಆನರ್’ ಹೆಂಗಸಿನದಾದರೆ ಶೀಲದ ಹೆಸರು, ಗಂಡಸಿನದಾದರೆ ಕೊಟ್ಟ ಮಾತು ಮತ್ತು ಕತ್ತಿ. ಒಂದೇ ಪದಕ್ಕೆ ಎರಡು ತಕ್ಕಡಿ ಇರುವುದನ್ನು ಆಫ್ರಾ ಬೆನ್‌ಳಂಥ ಕವಿ ಚೆನ್ನಾಗಿ ಬಲ್ಲಳು. ‘ಡೈ’ ಎಂದರೆ ಸಾಯುವುದೂ ಹೌದು, ಸುರತದ ಕೊನೆಯೂ ಹೌದು. ಡ್ರೈಡನ್ನನ ಒಂದು ನಾಟಕದಲ್ಲಿ ಇಡೀ ಹಾಡೊಂದು ಈ ಒಂದೇ ಶ್ಲೇಷೆಯ ಮೇಲೆ ನಿಂತಿದೆ. ಮೇಲೆ ಹೇಳಿದ ‘ನಿನ್ನ ತೋಳಿನಲ್ಲಿ ಉಳಿಸಿಕೊಳ್ಳದಿದ್ದರೆ ಸಾಯುತ್ತೇನೆ’ ಎಂಬ ಮಾತಿಗೂ ಈಗ ಇನ್ನೊಮ್ಮೆ ಹೋಗಿ ಬನ್ನಿ.

ಸೆಡ್ಲಿ ಸೀಲಿಯಾಳಿಗೆ ಮೂರನೆಯ ಪದ್ಯದಲ್ಲಿ ಹೇಳುವುದೇನು? ಇಡೀ ಹೆಣ್ಣುಕುಲ ಕೊಡಬಲ್ಲದ್ದು ಎರಡೇ, ಚೆಲುವು ಮತ್ತು ‘ಕೈಂಡ್’ ಆಗುವ ಗುಣ. ಎರಡೂ ನಿನ್ನಲ್ಲಿಯೇ ಇವೆ. ಬಿ.ಎ. ಓದುತ್ತಿದ್ದಾಗ ನಾನು ಇದನ್ನು ‘ಸೌಂದರ್ಯ ಮತ್ತು ಕರುಣೆ’ ಎಂದು ಅನುವಾದಿಸಿಕೊಂಡಿದ್ದೆ!

ಹಳೆಯ ಮುದ್ರಣಗಳ ಚಿತ್ರಪ್ರತಿ ನೋಡುವವರಿಗೆ ಇನ್ನೊಂದು ಸೂಚನೆ. ಪದದ ಮೊದಲಲ್ಲಿ ಮತ್ತು ನಡುವಿನಲ್ಲಿ ಬರುವ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ. ‘ಸಿಂಗ್’ ಎಂಬುದನ್ನು ‘ಫಿಂಗ್’ ಎಂದು ಓದಿ ಬೆಪ್ಪಾಗಬೇಡಿ. ಪ್ರಾಸಗಳಲ್ಲಿಯೂ ಅಂದಿನ ಉಚ್ಚಾರ ಇಂದಿನದಲ್ಲ. ‘ಜಾಯಿನ್’ ಎಂಬುದು ‘ಲೈನ್’ ಜೊತೆ ಪ್ರಾಸ ಕೂಡಿದರೆ ಕವಿ ಎಡವಿದ ಎಂದುಕೊಳ್ಳಬಾರದು.

ಐದನೆಯ ಹೆಜ್ಜೆ: ಅವನಿಗೆ ಬೇಕಾದದ್ದೇನು ಎಂದು ಕೇಳಿ

ಇದೇ ಈ ಮಾರ್ಗದರ್ಶಿಯ ಹೊಟ್ಟೆ. ಪ್ರತಿ ಹಾಡಿಗೂ ಮೂರು ಪ್ರಶ್ನೆ ಹಾಕಿ. ಯಾರು ಯಾರಿಗೆ ಹೇಳುತ್ತಿದ್ದಾರೆ? ಅವಳು ಅದಕ್ಕೆ ಮುಂಚೆ ಏನೆಂದಿರಬೇಕು? ಇವನಿಗೆ ಬೇಕಾದದ್ದೇನು? ಎರಡನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹಾಡಿನಲ್ಲಿ ಅವಳ ಮಾತು ಇರುವುದಿಲ್ಲ. ಅದನ್ನು ನಾವು ಊಹಿಸಿಕೊಂಡಾಗಲೇ ಇವನ ಮಾತು ಉತ್ತರವೆಂದು ತಿಳಿಯುವುದು.

ರಾಚೆಸ್ಟರಿನ ಅರ್ಲ್ ಜಾನ್ ವಿಲ್ಮಟ್‌ನ ‘ಲವ್ ಅಂಡ್ ಲೈಫ್’ ತೆಗೆದುಕೊಳ್ಳಿ. 1647ರಲ್ಲಿ ಹುಟ್ಟಿ 1680ರಲ್ಲಿ, ಮೂವತ್ತಮೂರಕ್ಕೆ, ದೇಹ ಹಣ್ಣಾಗಿ ಸತ್ತವನು. ರಾಜನಿಗೆ ಬೇಕಾದವನು, ರಾಜನಿಂದಲೇ ಪದೇ ಪದೇ ಆಸ್ಥಾನದಿಂದ ಅಟ್ಟಿಸಿಕೊಂಡವನು. ಅವನ ಪುಂಡಾಟದ ಕಥೆಗಳು ಬೇಕಾದಷ್ಟಿವೆ, ಅವನ್ನು ಓದುತ್ತ ಕುಳಿತರೆ ಕವಿತೆ ಓದಲು ಹೊತ್ತಿರುವುದಿಲ್ಲ. ಈ ಹಾಡಿಗೆ ಮೂರು ಪದ್ಯ, ಒಂದೊಂದರಲ್ಲಿ ಐದು ಸಾಲು. ಗದ್ಯದಲ್ಲಿ ಹೇಳಿದರೆ ಹೀಗೆ:

ಕಳೆದ ನನ್ನ ಬದುಕೆಲ್ಲ ಈಗ ನನ್ನದಲ್ಲ. ಹಾರಿಹೋದ ಗಳಿಗೆಗಳು ಹೋದವು, ಮುಗಿದ ಕನಸಿನ ಹಾಗೆ. ಅವುಗಳ ಚಿತ್ರ ಉಳಿದಿರುವುದು ನೆನಪಿನ ಉಗ್ರಾಣದಲ್ಲಿ ಮಾತ್ರ.

ಮುಂದೆ ಬರುವುದು ಇನ್ನೂ ಇಲ್ಲವೇ ಇಲ್ಲ. ಇಲ್ಲದ್ದು ನನ್ನದಾಗುವುದು ಹೇಗೆ? ಈ ಕ್ಷಣವೊಂದೇ ನನ್ನ ಪಾಲಿನದು. ಅದೂ ಕೈಗೆ ಬಂದ ಕೂಡಲೇ, ಫಿಲಿಸ್, ಪೂರ್ತಿ ನಿನ್ನದು.

ಆದ್ದರಿಂದ ಚಂಚಲತೆ, ಸುಳ್ಳು ಹೃದಯ, ಮುರಿದ ಆಣೆ ಎಂದೆಲ್ಲ ಮಾತಾಡಬೇಡ. ಏನೋ ಪವಾಡ ನಡೆದು ಈ ನಿಮಿಷವಿಡೀ ನಿನಗೆ ನಿಷ್ಠನಾಗಿದ್ದರೆ, ದೇವರು ಅನುಮತಿಸಿರುವುದು ಅಷ್ಟೇ.

ಫಿಲಿಸ್ ಮೊದಲು ಏನೆಂದಿರಬೇಕು? ಮೂರನೆಯ ಪದ್ಯದಿಂದ ಹಿಂದಕ್ಕೆ ಬಂದರೆ ಗೊತ್ತಾಗುತ್ತದೆ: ಇವನು ಬೇರೆಲ್ಲೋ ಸಿಕ್ಕಿಬಿದ್ದಿದ್ದಾನೆ, ಅವಳು ಬೈದಿದ್ದಾಳೆ. ಆಗ ಮೊದಲ ಪದ್ಯದ ತತ್ತ್ವಜ್ಞಾನದ ಬಣ್ಣ ಬಯಲಾಗುತ್ತದೆ. ‘ಕಳೆದ ಬದುಕು ನನ್ನದಲ್ಲ’ ಎಂಬುದು ವೈರಾಗ್ಯವಲ್ಲ, ನಿನ್ನೆ ರಾತ್ರಿಯ ಲೆಕ್ಕ ಕೊಡಲು ನಿರಾಕರಣೆ.

ಈ ವಾದದ ಬಂಡವಾಳ ಎಲ್ಲಿಯದು? ಥಾಮಸ್ ಹಾಬ್ಸ್ 1651ರ ‘ಲೆವಯಾಥನ್’ನಲ್ಲಿ, ವರ್ತಮಾನಕ್ಕೆ ಮಾತ್ರ ಪ್ರಕೃತಿಯಲ್ಲಿ ಇರವು, ಕಳೆದದ್ದು ನೆನಪಿನಲ್ಲಿ ಮಾತ್ರ ಇರುತ್ತದೆ, ಬರಲಿರುವುದಕ್ಕೆ ಇರವೇ ಇಲ್ಲ ಎಂದಿದ್ದ. ಎರಡನೆಯ ಚಾರ್ಲ್ಸ್ ರಾಜಕುಮಾರನಾಗಿ ಪ್ಯಾರಿಸ್ಸಿನಲ್ಲಿದ್ದಾಗ ಅವನಿಗೆ ಗಣಿತ ಕಲಿಸಿದವನು ಇದೇ ಹಾಬ್ಸ್. ದೇಶದ ದೊಡ್ಡ ತತ್ತ್ವಜ್ಞಾನಿ ಜಗತ್ತಿನ ಸ್ವರೂಪ ವಿವರಿಸಲು ಬಳಸಿದ ಮಾತನ್ನು ರಾಚೆಸ್ಟರ್ ಪ್ರೇಯಸಿಯ ಬೈಗುಳದಿಂದ ಪಾರಾಗಲು ಬಳಸುತ್ತಾನೆ.

ಇನ್ನು ಪದಗಳನ್ನು ನೋಡಿ. ನನ್ನದು, ನನ್ನದಲ್ಲ, ನನ್ನ ಪಾಲು, ನಿನ್ನದು. ಇದು ಆಸ್ತಿಪತ್ರದ ಭಾಷೆ. ನಡುವಿನ ಪದ್ಯದಲ್ಲಿ ಅವನು ಅವಳಿಗೆ ಸರ್ವಸ್ವವನ್ನೂ ಬರೆದುಕೊಡುತ್ತಾನೆ, ಆ ಸರ್ವಸ್ವ ಒಂದು ಕ್ಷಣ. ಕೊನೆಯಲ್ಲಿ ಬರುವ ‘ಲಿವ್‌ಲಾಂಗ್ ಮಿನಿಟ್’ ಎಂಬ ಜೋಡಿಯ ಮೇಲೆ ಒಂದು ನಿಮಿಷ ನಿಲ್ಲಿ. ‘ಲಿವ್‌ಲಾಂಗ್’ ಎಂಬ ವಿಶೇಷಣ ಸಾಮಾನ್ಯವಾಗಿ ಹಗಲಿಗೆ, ರಾತ್ರಿಗೆ ಅಂಟುವಂಥದು. ಎಷ್ಟು ಹೊತ್ತಾದರೂ ಮುಗಿಯದ ಹಗಲು, ಇಡೀ ರಾತ್ರಿ. ಅದನ್ನು ಅವನು ನಿಮಿಷಕ್ಕೆ ಅಂಟಿಸಿದ. ಕನ್ನಡದಲ್ಲಿ ‘ದಿನವಿಡೀ’, ‘ರಾತ್ರಿಯಿಡೀ’ ಎನ್ನುತ್ತೇವೆ. ‘ನಿಮಿಷವಿಡೀ’ ಎಂದರೆ ಕಿವಿ ಒಮ್ಮೆ ಎಡವುತ್ತದಲ್ಲ, ಅದೇ ಎಡವು ಮೂಲದಲ್ಲಿಯೂ ಇದೆ. ಅಲ್ಲಿ ನಗು ಬರುತ್ತದೆ. ಒಂದು ಗಳಿಗೆಯ ಮೇಲೆ ನಗು ನಿಂತು, ನಿಷ್ಠೆಗೆ ಒಂದು ನಿಮಿಷವೇ ಬಹಳ ದೀರ್ಘವೆಂದು ನಿಜವಾಗಿ ನಂಬುವ ಮನುಷ್ಯನೊಬ್ಬ ಎದುರಿಗೆ ನಿಂತಂತೆ ಕಾಣುತ್ತದೆ. ಚಳಿಯೆನಿಸುವ ಹಾಡು ಇದು. ತಮಾಷೆಯೋ ಭಯವೋ ಎಂದು ಕೇಳಿದರೆ ಎರಡೂ ಎನ್ನುತ್ತೇನೆ.

ಆರನೆಯ ಹೆಜ್ಜೆ: ಹಾಡು ಯಾವ ನಾಟಕದಿಂದ ಬಂತು ನೋಡಿ

ಸಂಕಲನಗಳು ಹಾಡನ್ನು ಬೇರುಸಹಿತ ಕಿತ್ತು ಕುಂಡದಲ್ಲಿಡುತ್ತವೆ. ಆ ಬೇರು ಬಹಳ ಸಲ ಒಂದು ನಾಟಕದಲ್ಲಿರುತ್ತದೆ. ಪ್ರಸಿದ್ಧವಾದ ‘ವೈ ಶುಡ್ ಎ ಫೂಲಿಶ್ ಮ್ಯಾರೇಜ್ ವಾವ್’ ನೋಡಿ. ಎಂದೋ ಮಾಡಿದ ಪೆದ್ದು ಮದುವೆಯ ಆಣೆ, ಮೋಹ ಸವೆದ ಮೇಲೂ ನಮ್ಮನ್ನು ಏಕೆ ಕಟ್ಟಿಹಾಕಬೇಕು ಎಂದು ಕೇಳುವ ಹಾಡು. ಒಂಟಿಯಾಗಿ ಓದಿದವರು ಡ್ರೈಡನ್ನನನ್ನು ಮದುವೆಯ ವೈರಿ ಎಂದು ತೀರ್ಮಾನಿಸುತ್ತಾರೆ. ಇದು ‘ಮ್ಯಾರೇಜ್ ಆ ಲಾ ಮೋಡ್’ ಎಂಬ ನಾಟಕ ಶುರುವಾಗುತ್ತಲೇ ಬರುವ ಹಾಡು, ಹಾಡುವವಳು ಡೊರಾಲಿಸ್ ಎಂಬ ಮದುವೆಯಾದ ಹೆಂಗಸು. ಮುಂದೆ ಐದು ಅಂಕಗಳುದ್ದಕ್ಕೂ ಎರಡು ಜೋಡಿಗಳು ಪರಸ್ಪರರ ಸಂಗಾತಿಗಳ ಹಿಂದೆ ಬಿದ್ದು, ಏನೂ ಕೈಗೂಡದೆ, ಕೊನೆಗೆ ಅವರವರ ಜೋಡಿಗೇ ಮರಳುತ್ತವೆ. ಹಾಡು ಎತ್ತಿದ ಪ್ರಶ್ನೆಗೆ ನಾಟಕ ಕೊಡುವ ಉತ್ತರ ಬೇರೆ. ಸಂಕಲನದಲ್ಲಿ ಇರುವುದು ಪ್ರಶ್ನೆ ಮಾತ್ರ.

ಆಫ್ರಾ ಬೆನ್‌ಳ ‘ಲವ್ ಇನ್ ಫ್ಯಾಂಟಾಸ್ಟಿಕ್ ಟ್ರಯಂಫ್ ಸ್ಯಾಟ್’ 1676ರ ‘ಅಬ್ಡೆಲೇಜರ್’ ನಾಟಕದ ಮೊದಲಲ್ಲಿಯೇ ಬರುತ್ತದೆ. ಪ್ರೇಮ ಒಬ್ಬ ದಂಡನಾಯಕ, ಸುತ್ತ ರಕ್ತ ಸೋರುವ ಹೃದಯಗಳು. ನಿನ್ನಿಂದ ಕ್ರೌರ್ಯವನ್ನೂ ನನ್ನಿಂದ ಕಣ್ಣೀರನ್ನೂ ತೆಗೆದುಕೊಂಡು ಅವನು ಆಯುಧ ಮಾಡಿಕೊಂಡ. ಗಾಯವಾದದ್ದು ನನಗೊಬ್ಬಳಿಗೇ, ನೀನು ಗೆದ್ದವನು, ಬಿಡುಗಡೆಯಾದವನು ಎಂದು ಮುಗಿಯುತ್ತದೆ. ರಂಗದ ಮೇಲೆ ಆಗ ಏನಿದೆ? ಮೇಜಿನ ಮೇಲೆ ದೀಪ, ತಲೆಯನ್ನು ಕೈಗೆ ಆನಿಸಿ ಮುಖ ಸಿಂಡರಿಸಿಕೊಂಡು ಕುಳಿತ ಅಬ್ಡೆಲೇಜರ್. ಹಾಡು ಮುಗಿದದ್ದೇ ತಡ, ಮೃದುವಾದದ್ದನ್ನೆಲ್ಲ ದ್ವೇಷಿಸುವ ನನಗೆ ಈ ಸಂಗೀತವೇ ಎಂದು ಸಿಡಿಯುತ್ತಾನೆ. ಇಷ್ಟು ಸುಂದರ ಹಾಡನ್ನು ಕಿವುಡು ಕಿವಿಗೆ ಹಾಡಿಸಿದ ಬೆನ್‌ಳ ಧೈರ್ಯ ದೊಡ್ಡದು. ಅದೇ ನಾಟಕ 1695ರಲ್ಲಿ ಮತ್ತೆ ರಂಗಕ್ಕೆ ಬಂದಾಗ ಪರ್ಸೆಲ್ ವಾದ್ಯಸಂಗೀತ ಬರೆದುಕೊಟ್ಟ. ಅದರ ಒಂದು ಮಟ್ಟನ್ನೇ ಬೆಂಜಮಿನ್ ಬ್ರಿಟನ್ 1945ರಲ್ಲಿ ಮಕ್ಕಳಿಗೆ ಆರ್ಕೆಸ್ಟ್ರಾ ಪರಿಚಯಿಸುವ ತನ್ನ ಕೃತಿಗೆ ಎತ್ತಿಕೊಂಡ.

ಬೆನ್‌ಳ ನಾಟಕಗಳು, ಕವಿತೆಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹಾಡಿನ ಹಿಂದಿನ ಮತ್ತು ಮುಂದಿನ ಒಂದೊಂದು ಪುಟ ಓದಿದರೂ ಸಾಕು.

ಏಳನೆಯ ಹೆಜ್ಜೆ: ಬರೆದವರು ಯಾರು ಎಂಬುದನ್ನು ಸ್ವಲ್ಪ ಅನುಮಾನದಿಂದ ನೋಡಿ

ಗೌರವಸ್ಥ ಆಸ್ಥಾನಿಕ ಕವಿತೆ ಅಚ್ಚು ಹಾಕಿಸಿ ಮಾರುವುದು ಅಂದು ಮರ್ಯಾದೆಯಲ್ಲ. ಹಾಡುಗಳು ಕೈಬರಹದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು, ದಾರಿಯಲ್ಲಿ ಸಾಲು ಬದಲಾಗುತ್ತಿತ್ತು, ಹೆಸರೂ ಬದಲಾಗುತ್ತಿತ್ತು. ರಾಚೆಸ್ಟರ್ ಸತ್ತ ವರ್ಷವೇ, 1680ರಲ್ಲಿ, ಅವನ ಹೆಸರಿನ ಸಂಕಲನ ಬಂತು. ಮುಖಪುಟದಲ್ಲಿ ಆಂಟ್‌ವರ್ಪ್ ಎಂದಿತ್ತು, ಅಚ್ಚಾದದ್ದು ಲಂಡನ್ನಿನಲ್ಲಿ. ಒಳಗೆ ಬೇರೆಯವರ ಕವಿತೆಗಳು ಎಷ್ಟೋ ಇದ್ದವು, ಆಫ್ರಾ ಬೆನ್‌ಳ ‘ದಿ ಡಿಸಪಾಯಿಂಟ್‌ಮೆಂಟ್’ ಕೂಡ. ಗಂಡಸಿನ ದೇಹ ಕೈಕೊಟ್ಟ ಗಳಿಗೆಯನ್ನು ಹೆಣ್ಣಿನ ಕಡೆಯಿಂದ ನೋಡುವ ಕವಿತೆಯದು. ಅದನ್ನು ಲಂಪಟ ಅರ್ಲ್ ಬರೆದನೆಂದು ಜನ ಓದಿಕೊಂಡರು. 1684ರಲ್ಲಿ ಅವಳು ತನ್ನ ಸಂಕಲನದಲ್ಲಿ ಸೇರಿಸಿದಾಗ ಅದು ಮನೆಗೆ ಬಂತು.

ಲೀಲಾಜಾಲವಾಗಿ ಬರೆದೆನೆಂದು ತೋರಿಸಿಕೊಳ್ಳುವುದೂ ಆ ಆಸ್ಥಾನದ ಶೋಕಿ. ‘ಟು ಆಲ್ ಯು ಲೇಡೀಸ್ ನೌ ಅಟ್ ಲ್ಯಾಂಡ್’ ಎಂಬ, ಅದೇ ಆಸ್ಥಾನದ ಕವಿ ಡಾರ್ಸೆಟ್‌ನ ಹಾಡನ್ನು 1665ರ ಡಚ್ ನೌಕಾಯುದ್ಧದ ಹಿಂದಿನ ರಾತ್ರಿ ಹಡಗಿನಲ್ಲೇ ಕುಳಿತು ಬರೆದನೆಂದು ಹೇಳಿಕೆ. ಹದಿನೆಂಟನೆಯ ಶತಮಾನದ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಈ ಕಥೆಗೆ ಸೂಜಿ ಚುಚ್ಚಿದ: ಒಂದು ವಾರದಿಂದ ಅದರ ಮೇಲೆ ಕೆಲಸ ಮಾಡುತ್ತಿದ್ದನಂತೆ, ಆ ರಾತ್ರಿ ಮಾಡಿದ್ದು ಕೊನೆಯ ತಿದ್ದುಪಡಿ.

ಅಚ್ಚಿನ ಹಾಡುಗಳು ಬೇಕಾದವರಿಗೆ ಜಾನ್ ಪ್ಲೇಫರ್ಡ್ ಇದ್ದ. ಲಂಡನ್ನಿನ ಟೆಂಪಲ್ ಚರ್ಚಿನ ಬಳಿ ಅವನ ಅಂಗಡಿ. ನಾಟಕದಲ್ಲಿ, ಆಸ್ಥಾನದಲ್ಲಿ ಹೊಸದಾಗಿ ಬಂದ ಹಾಡುಗಳನ್ನು 1670ರ ದಶಕದಿಂದ ಪುಸ್ತಕದ ಮೇಲೆ ಪುಸ್ತಕ ಮಾಡಿ ಮಾರಿದ. ಕೊಂಡವರು ಮನೆಯಲ್ಲಿ ಹಾಡಿಕೊಂಡರು. ನೌಕಾಪಡೆಯ ಕಚೇರಿಯ ಅಧಿಕಾರಿ, ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ತಾನೇ 1665ರಲ್ಲಿ ‘ಬ್ಯೂಟಿ ರಿಟೈರ್’ ಎಂಬ ಹಾಡಿಗೆ ಮಟ್ಟು ಹಾಕಿದ; ಮರುವರ್ಷ ತನ್ನ ಭಾವಚಿತ್ರ ಬರೆಸಿಕೊಂಡಾಗ ಆ ಸ್ವರಲಿಪಿಯ ಹಾಳೆಯನ್ನೇ ಕೈಯಲ್ಲಿ ಹಿಡಿದು ಕುಳಿತ. ಚಿತ್ರ ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ.

ಎಂಟನೆಯ ಹೆಜ್ಜೆ: ಕೈ ತಟ್ಟಿ ಓದಿ, ಆಮೇಲೆ ಕನ್ನಡಕ್ಕೆ ತನ್ನಿ

ಸೆಡ್ಲಿಯ ಸೀಲಿಯಾ ಹಾಡಿನ ಅಚ್ಚು ಸರಳ: ಒಂದು ಸಾಲಿನಲ್ಲಿ ನಾಲ್ಕು ಪೆಟ್ಟು, ಮುಂದಿನದರಲ್ಲಿ ಮೂರು. ಮೂರರ ಸಾಲಿನ ಕೊನೆಯಲ್ಲಿ ಒಂದು ಪೆಟ್ಟಿನಷ್ಟು ಮೌನ ಬಿಡಿ, ಆಗ ಕೂತುಕೊಳ್ಳುತ್ತದೆ. ಇಂಗ್ಲಿಷಿನ ಲಾವಣಿಗೂ ಚರ್ಚಿನ ಸ್ತೋತ್ರಗಳಿಗೂ ಇದೇ ಅಚ್ಚು. ಪ್ರಾರ್ಥನೆಯ ಛಂದಸ್ಸಿನಲ್ಲಿ ಇಂಥ ವಾದ ಹೂಡುವುದರಲ್ಲಿಯೇ ಒಂದು ತುಂಟತನವಿದೆ.

ಇಂಗ್ಲಿಷಿನದು ಒತ್ತಿನ ಎಣಿಕೆ, ನಮ್ಮದು ಮಾತ್ರೆಯ ಎಣಿಕೆ. ಬಿ.ಎಂ.ಶ್ರೀ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾತ್ರಾಗಣಗಳನ್ನು ಹೊಸ ಹೊಸ ಪದ್ಯಾಕಾರಗಳಲ್ಲಿ ಕೂಡಿಸಿ ಈ ಕಂದಕಕ್ಕೆ ಸೇತುವೆ ಹಾಕಿದ್ದರಿಂದ ನಮಗೆ ದಾರಿ ಹುಡುಕುವ ಕಷ್ಟವಿಲ್ಲ. ನಾಲ್ಕು ಮಾತ್ರೆಯ ಗಣ ತೆಗೆದುಕೊಂಡು, ಒಂದು ಸಾಲಿಗೆ ನಾಲ್ಕು, ಮುಂದಿನದಕ್ಕೆ ಮೂರು ಇಟ್ಟು ನೋಡಿ. ಮೊದಲೆರಡು ಪದ್ಯಗಳ ನನ್ನ ಪ್ರಯತ್ನ ಹೀಗಿದೆ:

ಸೀಲಿಯ, ನಾನೇನುತ್ತಮನಲ್ಲ,
ಉಳಿದವರಂತೆಯೆ ನಾನು;
ಗಳಿಗೆಗೆ ಒಬ್ಬಳನರಸುತಲಿದ್ದೆನು
ಮನ ನೆಲೆ ನಿಲ್ಲದೆ ಹೋದರೆ.

ಆದರೆ ನಿನಗೇ ಕಟ್ಟಿವೆ ನನ್ನನು
ನನ್ನೆದೆಯೆಣಿಕೆಗಳೆಲ್ಲ;
ನಿನ್ನಯ ಮೊಗವನೆ ನೋಡಲು ಬಯಸುವೆ,
ನಿನ್ನೆದೆಯಲ್ಲದೆ ಒಲ್ಲೆ.

ಮೊದಲ ಪದ್ಯದಲ್ಲಿ ಪ್ರಾಸ ಕೈಕೊಟ್ಟಿದೆ, ‘ನಿನ್ನಯ’ ಎಂಬ ಹಳೆಯ ಸರಕು ಗಣ ತುಂಬಲು ನುಗ್ಗಿದೆ. ನಿಮ್ಮದು ಇದಕ್ಕಿಂತ ಚೆನ್ನಾಗಿ ಬರಲಿ. ಅನುವಾದಕ್ಕೆ ಕುಳಿತ ಕೂಡಲೇ ಒಂದು ತೀರ್ಮಾನ ಮಾಡಿಕೊಳ್ಳಬೇಕಾಗುತ್ತದೆ, ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ. ಮೂಲದಲ್ಲಿ ‘ದೀ’, ‘ದೈ’ ಎಂದಿದ್ದರೆ ‘ನೀನು’ ಎಂದು ಧೈರ್ಯವಾಗಿ ಬರೆಯಿರಿ. ‘ಯು’ ಎಂದಿದ್ದರೆ ಹಾಡಿನ ಸಲಿಗೆ ನೋಡಿ ನಿರ್ಧರಿಸಬೇಕು. ಡಾರ್ಸೆಟ್ ಹಡಗಿನಿಂದ ದಡದ ಹೆಂಗಸರಿಗೆ ಬರೆದದ್ದಕ್ಕೆ ‘ನೀವು’ ಬಿಟ್ಟು ಬೇರೆ ದಾರಿಯಿಲ್ಲ.

ಎರಡನೆಯ ಪದ್ಯದ ಮೊದಲ ಸಾಲಿನಲ್ಲಿ ಸೆಡ್ಲಿ ‘ಟೈಡ್ ಟು ವೆರಿ ದೀ’ ಎನ್ನುತ್ತಾನೆ. ಈ ‘ವೆರಿ’ ನನ್ನನ್ನು ಬಹಳ ದಿನ ಕಾಡಿತು. ನಿನ್ನ ರೂಪಕ್ಕಲ್ಲ, ಗುಣಕ್ಕಲ್ಲ, ಇನ್ನಾವುದಕ್ಕೂ ಅಲ್ಲ, ನೀನೆಂಬ ನಿನಗೆ ಎನ್ನಲು ಅವನು ಆ ಪದವನ್ನು ಸರ್ವನಾಮಕ್ಕೆ ಬಲವಂತವಾಗಿ ಜೋಡಿಸಿದ್ದಾನೆ. ‘ನಿಜವಾದ ನಿನಗೆ’, ‘ಕೇವಲ ನಿನಗೆ’, ‘ಸಾಕ್ಷಾತ್ ನಿನಗೆ’ ಎಂದೆಲ್ಲ ಬರೆದು ಹೊಡೆದುಹಾಕಿದೆ. ಒಂದು ಸಂಜೆ ಅಡುಗೆಮನೆಯಿಂದ ಯಾರು ಯಾರಿಗೋ ‘ನಿನಗೇ ಹೇಳಿದ್ದು’ ಎಂದು ಕೂಗಿದ್ದು ಕೇಳಿಸಿತು. ಎದ್ದು ಹೋಗಿ ಹಾಳೆ ತೆಗೆದು ‘ನಿನಗೆ’ ಎಂಬುದರ ಕೊನೆಯ ಅಕ್ಷರಕ್ಕೆ ದೀರ್ಘ ಎಳೆದೆ. ಗಣವೂ ಸರಿಹೋಯಿತು.